ವೈಫೈ ಎಲ್ಲಿ ಕಡಿಯುತ್ತಿದೆ ಅಂತ ನಾನು ಹುಡುಕಿದ ಬಗೆ

ಲ್ಯಾಪ್‌ಟಾಪ್‌ನಲ್ಲಿ ವೈಫೈ ಪದೇ ಪದೇ ಕಡಿದರೆ ಎಲ್ಲರೂ ಮೊದಲು ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಸ್ವಲ್ಪ ಹೊತ್ತು ಸರಿಯಾಗಿರುತ್ತದೆ, ಆಮೇಲೆ ಮತ್ತೆ ಅದೇ ಪಾಡು. ನಾನು ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಒಂದನ್ನು ಖಚಿತ ಮಾಡಿಕೊಂಡೆ. ಕಡಿಯುತ್ತಿರುವುದು ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆಯೋ, ರೂಟರ್‌ನಿಂದ ಆಚೆಗೋ?

ಕಮಾಂಡ್ ಪ್ರಾಂಪ್ಟನ್ನು ಎರಡು ಕಡೆ ತೆರೆದೆ. ಒಂದರಲ್ಲಿ ರೂಟರ್‌ಗೆ, ಅಂದರೆ ನನ್ನ ರೂಟರ್‌ನ ವಿಳಾಸವಾದ 192.168.1.1ಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಅಂತ ನೋಡಲು ಕಳಿಸುವ ಚಿಕ್ಕ ಸಂದೇಶ). ಇನ್ನೊಂದರಲ್ಲಿ 8.8.8.8ಕ್ಕೆ, ಅಂದರೆ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್‌ಗೆ. ಎರಡೂ ನಿಲ್ಲದೆ ಓಡುವಂತೆ ಬಿಟ್ಟೆ. ರೂಟರ್ ಉತ್ತರ ಕೊಡುತ್ತಲೇ ಇದ್ದು ಎರಡನೆಯದು ಮಾತ್ರ ನಿಂತರೆ ತೊಂದರೆ ರೂಟರ್‌ನ ಆಚೆಗಿದೆ, ಸುಮ್ನೆ ಲ್ಯಾಪ್‌ಟಾಪ್ ಕೆದಕುವುದು ಬೇಡ. ಎರಡೂ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಸಂಖ್ಯೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲೆ ಕಣ್ಣು ಹಾಕಬೇಕು. ನನ್ನಲ್ಲಿ ಎರಡೂ ಒಟ್ಟಿಗೇ ನಿಂತವು. ಅದೇ ಮೇಜಿನ ಮೇಲೆ ಮೊಬೈಲ್ ಚೆನ್ನಾಗಿ ಓಡುತ್ತಿತ್ತು. ಹಾಗಾಗಿ ಅನುಮಾನ ಲ್ಯಾಪ್‌ಟಾಪ್ ಮೇಲೆ ಬಂತು.

ಮೊದಲು ವಿದ್ಯುತ್ ಉಳಿಸುವ ಸೆಟ್ಟಿಂಗ್. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದರೆ ಪವರ್ ಮ್ಯಾನೇಜ್‌ಮೆಂಟ್ ಅಂತ ಒಂದು ಟ್ಯಾಬ್ ಇರುತ್ತದೆ (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕಾಣುವುದಿಲ್ಲ). ವಿದ್ಯುತ್ ಉಳಿಸಲು ಈ ಅಡಾಪ್ಟರನ್ನು ಆಫ್ ಮಾಡಬಹುದು ಎಂಬ ಟಿಕ್ ಅಲ್ಲಿತ್ತು. ತೆಗೆದೆ. ಸುಮ್ಮನೆ ಬಿಟ್ಟಿದ್ದಾಗ ಕಡಿಯುತ್ತಿದ್ದುದು ನಿಂತಿತು. ಆದರೆ ಕೆಲಸದ ನಡುವೆ ಕಡಿಯುವುದು ಉಳಿದೇ ಉಳಿಯಿತು. ಅಡಾಪ್ಟರನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದಲೇ ತಂದು ಹಾಕಿದೆ, ವ್ಯತ್ಯಾಸವಾಗಲಿಲ್ಲ.

ಆಗ ನೆರವಾದದ್ದು ವಿಂಡೋಸ್‌ನ ಡಬ್ಲ್ಯೂಲ್ಯಾನ್ ರಿಪೋರ್ಟ್. ಹಿಂದಿನ 3 ದಿನಗಳಲ್ಲಿ ವೈಫೈ ಯಾವಾಗ ಸೇರಿತು, ಯಾವಾಗ ಬಿಟ್ಟಿತು ಅಂತ ಸಮಯದ ಸಮೇತ ಅದು ತೋರಿಸುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ ಅನ್ನುವುದು ಬೇಸರದ ವಿಷಯ. ಕಡಿದ ಹೊತ್ತುಗಳನ್ನು ನನ್ನ ಕೆಲಸದ ಜೊತೆ ಹೋಲಿಸಿದೆ. ಎಲ್ಲವೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಮಾಡುತ್ತಿದ್ದ ಹೊತ್ತೇ!

ಆ ಡಿಸ್ಕ್ ಜೋಡಿಸಿದ್ದು ಯುಎಸ್‌ಬಿ 3.0ಗೆ. ಯುಎಸ್‌ಬಿ 3.0 ಓಡುವಾಗ ಹೊರಬೀಳುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ. 2012ರಲ್ಲಿ ಇಂಟೆಲ್ ಇದರ ಬಗ್ಗೆ ತಾಂತ್ರಿಕ ವರದಿಯನ್ನೇ ಪ್ರಕಟಿಸಿತ್ತು. ವೈಫೈ ಓಡುವ ಬ್ಯಾಂಡ್‌ಗಳಲ್ಲಿ 2.4 ಒಂದು, 5 ಗಿಗಾಹರ್ಟ್ಸ್ ಇನ್ನೊಂದು. ನನ್ನ ವೈಫೈ ಇದ್ದದ್ದು ಅದೇ 2.4ರಲ್ಲಿ, ಡಿಸ್ಕ್ ಇದ್ದದ್ದು ಲ್ಯಾಪ್‌ಟಾಪಿಗೆ ಅಂಟಿಕೊಂಡೇ. ಪರೀಕ್ಷೆಗೆ ಅಂತ ಡಿಸ್ಕ್ ಕಿತ್ತು ನೋಡಿದೆ, ಪಿಂಗ್ ಸರಾಗ. ಮತ್ತೆ ಹಾಕಿ ಕಾಪಿ ಶುರು ಮಾಡಿದೆ, ಪಿಂಗ್ ತಡವರಿಸಿತು. ಬೇರೆ ಸಾಕ್ಷಿ ಬೇಕಿಲ್ಲ ಅಲ್ವಾ?

ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದೆ. ಗೋಡೆ ದಾಟುವುದರಲ್ಲಿ ಅದು 2.4ರಷ್ಟು ಗಟ್ಟಿಯಲ್ಲ. ಹಾಗಾಗಿ ರೂಟರ್‌ನಿಂದ ದೂರದ ಕೋಣೆಯಲ್ಲಿ ಕೂತಾಗ ಈಗಲೂ 2.4ಕ್ಕೇ ಬರುತ್ತೇನೆ. ಅಲ್ಲಿ ಬ್ಯಾಕಪ್ ಮಾಡುವುದಿದ್ದರೆ ಉದ್ದನೆಯ, ಒಳ್ಳೆಯ ಕವಚವಿರುವ ಕೇಬಲ್ ಹಾಕಿ ಡಿಸ್ಕನ್ನು ದೂರ ಇಡುತ್ತೇನೆ.