ಮತ ಕೇಳಲು ಬಂದವರನ್ನು ರಾಷ್ಟ್ರಪತಿ ಮಹಾಭಿಯೋಗದ ಬಗ್ಗೆ ಕೇಳಿ ನೋಡುವುದು ಹೇಗೆ

ಲೋಕಸಭೆ ಚುನಾವಣೆ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರಶ್ನೆಗಳು ಸಿದ್ಧವಾಗಿಯೇ ಇರುತ್ತವೆ: ಅಂಕೋಲಾ-ಹುಬ್ಬಳ್ಳಿ ರೈಲು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಅರಣ್ಯ ಅತಿಕ್ರಮಣದಾರರ ಹಕ್ಕು, ಅಡಿಕೆ ಆಮದು, ಮೀನುಗಾರರ ಡೀಸೆಲ್. ಇವನ್ನು ಕೇಳಲೇಬೇಕು. ಆದರೆ ಇವಕ್ಕೆಲ್ಲ ಅಭ್ಯರ್ಥಿಯ ಬಳಿ ಉತ್ತರ ಬಾಯಿಪಾಠವಾಗಿರುತ್ತದೆ. ರಾಷ್ಟ್ರಪತಿಯನ್ನು ಪದಚ್ಯುತಗೊಳಿಸುವ ಮಹಾಭಿಯೋಗದ ಬಗ್ಗೆ ಕೇಳಿದರೆ ಬಾಯಿಪಾಠ ಕೈಕೊಡುತ್ತದೆ. ಆಗ ಅವರು ಸಂವಿಧಾನವನ್ನು ನೆಚ್ಚಿಕೊಳ್ಳುತ್ತಾರೋ ಪಕ್ಷವನ್ನೋ ಎಂಬುದು ಕಾಣುತ್ತದೆ. ಭಾರತದಲ್ಲಿ ಇದುವರೆಗೆ ಯಾವ ರಾಷ್ಟ್ರಪತಿಯ ಮೇಲೂ ಮಹಾಭಿಯೋಗ ನಡೆದಿಲ್ಲ. ಪ್ರಶ್ನೆ ಅನವಶ್ಯಕ ಎಂದು ಇದರಿಂದ ಹೇಳಬರುವುದಿಲ್ಲ. ಆ ದಿನ ಬಂದಾಗ ಹೊಸದಾಗಿ ಸಂಸದರನ್ನು ಆರಿಸಲು ನಮಗೆ ಅವಕಾಶ ಇರುವುದಿಲ್ಲ.

ಕೇಳುವ ಮೊದಲು ನಾವೇ ಸಂವಿಧಾನದ ವಿಧಿ 61ನ್ನು ತಿಳಿದುಕೊಂಡಿರಬೇಕು. ಮಹಾಭಿಯೋಗಕ್ಕೆ ಕಾರಣ ಒಂದೇ: ಸಂವಿಧಾನದ ಉಲ್ಲಂಘನೆ. ಆರೋಪವನ್ನು ಯಾವ ಸದನ ಬೇಕಾದರೂ ಹೊರಿಸಬಹುದು. ಆ ಸದನದ ಒಟ್ಟು ಸದಸ್ಯರಲ್ಲಿ ಕಾಲುಭಾಗದಷ್ಟು ಜನ ಸಹಿ ಮಾಡಿದ ಲಿಖಿತ ನೋಟಿಸು ಬೇಕು, ಅದು ಕನಿಷ್ಠ 14 ದಿನ ಮೊದಲೇ ತಲುಪಿರಬೇಕು. ಬಳಿಕ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ. ಲೋಕಸಭೆಯ 543ರ ಲೆಕ್ಕದಲ್ಲಿ ಸಹಿ 136, ಮತ 362. ರಾಜ್ಯಸಭೆಯ 245ಕ್ಕೆ ಸಹಿ 62, ಮತ 164. ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಸದನ ತನಿಖೆ ನಡೆಸಬೇಕು, ರಾಷ್ಟ್ರಪತಿ ತಾವೇ ಬಂದು ಅಥವಾ ವಕೀಲರ ಮೂಲಕ ವಾದಿಸಬಹುದು, ಆ ಸದನದಲ್ಲೂ ಅಷ್ಟೇ ಬಹುಮತ ಬಂದರೆ ಮಾತ್ರ ಪದಚ್ಯುತಿ.

ಮೊದಲ ಜರಡಿ ಸುಲಭ. ಬಂದವರು ವಿಧಾನಸಭೆಯ ಅಭ್ಯರ್ಥಿಯೇ? ಹಾಗಿದ್ದರೆ ಶಾಸಕರಿಗೆ ರಾಷ್ಟ್ರಪತಿಯ ಆಯ್ಕೆಯಲ್ಲಿ ಮತವಿದೆ, ಮಹಾಭಿಯೋಗದಲ್ಲಿ ಇಲ್ಲ. ಶಿರಸಿಯಿಂದಲೋ ಕಾರವಾರದಿಂದಲೋ ಶಾಸಕರಾಗಲು ಹೊರಟವರು 'ರಾಷ್ಟ್ರಪತಿಯನ್ನು ಇಳಿಸುತ್ತೇವೆ' ಎಂದು ಭಾಷಣ ಬಿಗಿದರೆ ತಾವು ಕೇಳುತ್ತಿರುವ ಹುದ್ದೆಯ ಕೆಲಸವೇ ಅವರಿಗೆ ಗೊತ್ತಿಲ್ಲ. ರಾಜ್ಯಪಾಲರಿಗೂ ಮಹಾಭಿಯೋಗ ಮಾಡಿಸುತ್ತೇವೆ ಎನ್ನುವವರದೂ ಇದೇ ಕತೆ. ರಾಜ್ಯಪಾಲರು ಇರುವುದು ರಾಷ್ಟ್ರಪತಿಯ ಇಚ್ಛೆ ಇರುವತನಕ, ಅವರಿಗೆ ಮಹಾಭಿಯೋಗ ಎಂಬುದೇ ಇಲ್ಲ.

ಲೋಕಸಭೆಯ ಅಭ್ಯರ್ಥಿಯಾದರೆ ನಿಜವಾದ ಪರೀಕ್ಷೆ ಶುರು. 'ನೀವು ಮಹಾಭಿಯೋಗದ ಪರವೋ ವಿರೋಧವೋ' ಎಂದು ಕೇಳಬೇಡಿ. ಅದಕ್ಕೆ ಸಿಗುವ ಹೌದು-ಅಲ್ಲಗಳಿಂದ ಏನೂ ತಿಳಿಯದು. ಹೀಗೆ ಕೇಳಿ: 'ಸಂಪುಟದ ಶಿಫಾರಸನ್ನು ರಾಷ್ಟ್ರಪತಿ ಒಮ್ಮೆ ವಾಪಸು ಕಳಿಸಿದರೆ ಅದು ಸಂವಿಧಾನದ ಉಲ್ಲಂಘನೆಯೇ?' ಅಲ್ಲ. 1978ರ 44ನೇ ತಿದ್ದುಪಡಿ ಆ ಅವಕಾಶವನ್ನು ಕೊಟ್ಟಿದೆ. ಮರುಪರಿಶೀಲಿಸಿದ ಸಂಪುಟ ಮತ್ತೆ ಅದೇ ಸಲಹೆ ಕೊಟ್ಟರೆ ಮಾತ್ರ ಒಪ್ಪಲೇಬೇಕು.

ಇದರ ಬೆನ್ನಿಗೇ ಎರಡು ಘಟನೆಗಳನ್ನು ಜೋಡಿಸಿ ಕೇಳುವುದು ಒಳ್ಳೆಯದು. 1997ರಲ್ಲಿ ಉತ್ತರಪ್ರದೇಶದ ಕಲ್ಯಾಣ್ ಸಿಂಗ್ ಅವರ ಬಿಜೆಪಿ ಸರ್ಕಾರವನ್ನು ವಜಾ ಮಾಡುವ ಗುಜ್ರಾಲ್ ಸಂಪುಟದ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ವಾಪಸು ಕಳಿಸಿದರು. 1998ರಲ್ಲಿ ಬಿಹಾರದ ರಾಬ್ಡಿ ದೇವಿ ಅವರ ಆರ್‌ಜೆಡಿ ಸರ್ಕಾರವನ್ನು ವಜಾ ಮಾಡುವ ವಾಜಪೇಯಿ ಸಂಪುಟದ ಶಿಫಾರಸನ್ನೂ ಅವರೇ ವಾಪಸು ಕಳಿಸಿದರು. 1999ರಲ್ಲಿ ಬಿಹಾರದ ಶಿಫಾರಸು ಮತ್ತೆ ಬಂದಾಗ ಸಹಿ ಹಾಕಿದರು. ರಾಷ್ಟ್ರಪತಿ ಒಬ್ಬರೇ, ನಿಯಮವೂ ಒಂದೇ. ಲಾಭವಾದ ಪಕ್ಷ ಮಾತ್ರ ಬೇರೆ ಬೇರೆ. 'ಎರಡೂ ಸರಿ' ಎಂದು ಕಾರಣ ಕೊಟ್ಟು ಹೇಳುವ ಅಭ್ಯರ್ಥಿ ನಂಬಿಕೆಗೆ ಅರ್ಹ. 'ಎರಡೂ ತಪ್ಪು' ಎನ್ನುವವರ ಜೊತೆ ವಾದ ಮಾಡಬಹುದು, ಅವರ ಅಳತೆಗೋಲಾದರೂ ಒಂದೇ. ಒಂದು ಸರಿ, ಇನ್ನೊಂದು ತಪ್ಪು ಎಂದರೆ ಏಕೆಂದು ಕೇಳಿ. ಕಾರಣ ಪಕ್ಷದ ಹೆಸರಿಗೆ ಬಂದು ನಿಂತರೆ ನಾಳೆ ದೆಹಲಿಯಲ್ಲೂ ಅವರು ಅದನ್ನೇ ಮಾಡುತ್ತಾರೆ.

ಮುಂದಿನ ಪ್ರಶ್ನೆ, ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆಜ್ಞೆಯಾದ ವಿಪ್‌ನದು. ರಾಷ್ಟ್ರಪತಿ ಚುನಾವಣೆ ಗುಪ್ತಮತದಾನ, ಅಲ್ಲಿ ವಿಪ್ ನಡೆಯದು. ಮಹಾಭಿಯೋಗದ ಮತದಾನ ಸದನದೊಳಗೆ ಆಗುವಂಥದ್ದು, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯಲ್ಲಿ ಅದಕ್ಕೆ ವಿನಾಯಿತಿ ಬರೆದಿಲ್ಲ. ವಿಪ್ ಮೀರಿದ ಸದಸ್ಯರನ್ನು ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸ್ಥಾನಕ್ಕೇ ಕುತ್ತು. 'ಸಾಕ್ಷ್ಯ ನಿಮಗೆ ಸರಿ ಅನ್ನಿಸಿದೆ, ಪಕ್ಷ ಬೇಡ ಅಂದಿದೆ, ಏನು ಮಾಡ್ತೀರಿ ಸಾಹೇಬ್ರೇ?' ಎಂದು ನೇರವಾಗಿ ಕೇಳಿ. 'ಪಕ್ಷದ ಮಾತು ಮೀರುವುದಿಲ್ಲ' ಎಂದರೆ ಅದು ಹಿಡಿಸದ ಉತ್ತರ, ಆದರೆ ಪ್ರಾಮಾಣಿಕ. 'ಅಂಥ ಸಂದರ್ಭ ಬರೋದಿಲ್ಲ ಬಿಡಿ' ಎಂದು ನಕ್ಕು ಪಕ್ಕದ ಮನೆಗೆ ಹೊರಡುವವರಿಗೆ ಅದಕ್ಕಿಂತ ಕಡಿಮೆ ಅಂಕ.

'ನಾನು ಗೈರಾಗ್ತೇನೆ' ಎಂಬ ಜಾಣ ಉತ್ತರವೂ ಬರುತ್ತದೆ. ಇಲ್ಲಿಯೇ ಬಹಳ ಮತದಾರರು ಮೋಸ ಹೋಗುವುದು. ಲೆಕ್ಕ ಹಾಜರಿದ್ದವರ ಮೇಲಲ್ಲ, ಒಟ್ಟು ಸದಸ್ಯಬಲದ ಮೇಲೆ. 362 ಬೇಕಾದಲ್ಲಿ ಬಾರದೆ ಉಳಿದ ಒಬ್ಬೊಬ್ಬರೂ ವಿರುದ್ಧ ಮತ ಹಾಕಿದಂತೆಯೇ. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಪದಚ್ಯುತಿ ಗೊತ್ತುವಳಿ ಲೋಕಸಭೆಗೆ ಬಂದಾಗ ಪರವಾಗಿ 196 ಮತ ಬಿತ್ತು, ವಿರುದ್ಧ ಒಂದೂ ಬೀಳಲಿಲ್ಲ, 205 ಮಂದಿ ಮತ ಹಾಕದೆ ಕುಳಿತರು. ನ್ಯಾಯಾಧೀಶರಿಗೆ ನಿಯಮ ಸ್ವಲ್ಪ ಬೇರೆ, ಆದರೂ ಅಲ್ಲಿ ಒಟ್ಟು ಸದಸ್ಯರ ಬಹುಮತ ಬೇಕೇ ಬೇಕು. ಗೊತ್ತುವಳಿ ಬಿದ್ದುಹೋಯಿತು, ಯಾರ ಮೈಗೂ ಮಸಿ ಅಂಟಲಿಲ್ಲ.

'ನಾಳೆಯೇ ತೆಗೆದುಹಾಕುತ್ತೇವೆ' ಎಂದು ಅಬ್ಬರಿಸುವವರಿಗೆ ಸಂಖ್ಯೆ ಮತ್ತು ದಿನ ಎರಡನ್ನೂ ಕೇಳಿ. 1984ರ ನಂತರ ಯಾವ ಪಕ್ಷವೂ ಒಂಟಿಯಾಗಿ 362 ಮುಟ್ಟಿಲ್ಲ, ಎಂದ ಮೇಲೆ ಎದುರು ಪಕ್ಷದವರನ್ನು ಸಾಕ್ಷ್ಯದಿಂದ ಒಪ್ಪಿಸಲೇಬೇಕು. 14 ದಿನದ ನಿಯಮವೂ ಹುಡುಗಾಟವಲ್ಲ. 2024ರ ಡಿಸೆಂಬರಿನಲ್ಲಿ ಆಗಿನ ಉಪರಾಷ್ಟ್ರಪತಿ ಧನಕರ್ ವಿರುದ್ಧ ವಿರೋಧ ಪಕ್ಷಗಳು ನೋಟಿಸು ಕೊಟ್ಟದ್ದು 10ರಂದು, ಅಧಿವೇಶನ ಮುಗಿದದ್ದು 20ರಂದು. ಉಪರಾಷ್ಟ್ರಪತಿಗೆ ವಿಧಿ 67 ಅನ್ವಯಿಸುತ್ತದೆ, ಆದರೆ ಅಲ್ಲೂ 14 ದಿನವೇ. ನೋಟಿಸು ತಿರಸ್ಕೃತವಾಯಿತು.

ಮಾತು ಕೇಳಿದ ಮೇಲೆ ದಾಖಲೆ ನೋಡಿ. ಅವರು ಆಗಲೇ ಸಂಸದರಾಗಿದ್ದರೆ ಸಂಸತ್ತಿನ ಜಾಲತಾಣದಲ್ಲಿ ಚರ್ಚೆಗಳ ಪೂರ್ಣ ಪಠ್ಯ ಸಿಗುತ್ತದೆ. ಧ್ವನಿಮತದಲ್ಲಿ ಯಾರು ಯಾವ ಕಡೆ ಎಂದು ಹೆಸರು ದಾಖಲಾಗುವುದಿಲ್ಲ. ವಿಭಜನೆ ಕೇಳಿ ಮತ ಎಣಿಸಿದಾಗ ಮಾತ್ರ ಪಟ್ಟಿ ಇರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಸಿಗಲಿಲ್ಲವೆಂದು ಅವರ ಮೇಲೆ ಗೂಬೆ ಕೂರಿಸಬೇಡಿ. ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಮೊಕದ್ದಮೆ, ಓದು ಇರುತ್ತವೆ, ನಿಲುವು ಇರುವುದಿಲ್ಲ.

ಹೊಸಬರಾದರೆ ಊರಿನ ದಾಖಲೆಯೇ ಗತಿ, ಮತ್ತು ಅದು ಬಹಳ ಸಲ ದೆಹಲಿಯದಕ್ಕಿಂತ ಚೆನ್ನಾಗಿ ಮಾತಾಡುತ್ತದೆ. ಗ್ರಾಮ ಪಂಚಾಯಿತಿಯಲ್ಲೋ ಸೊಸೈಟಿಯಲ್ಲೋ ಅಧ್ಯಕ್ಷರ ವಿರುದ್ಧ ಅವಿಶ್ವಾಸ ಬಂದಾಗ ಇವರು ಏನು ಮಾಡಿದ್ದರು? ಆರೋಪವನ್ನು ಸಭೆಯಲ್ಲಿ ಬಿಡಿಸಿ ಇಟ್ಟರೇ, ಸದಸ್ಯರನ್ನು ರೆಸಾರ್ಟಿಗೆ ಒಯ್ದು ಮತದಾನದ ಬೆಳಿಗ್ಗೆ ಗಾಡಿಯಲ್ಲಿ ತಂದು ಇಳಿಸಿದರೇ? ಪಂಚಾಯಿತಿಯ ಅವಿಶ್ವಾಸ ಸಭೆಯನ್ನು ನಡೆಸುವುದು ಉಪವಿಭಾಗಾಧಿಕಾರಿ (ಎಸಿ). ಅದರ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಎಸಿ ಕಚೇರಿಗೆ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ಕೇಳಬಹುದು, ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನದ ಕಾಲಾವಕಾಶ ಇರುವುದರಿಂದ ಚುನಾವಣೆ ಘೋಷಣೆಯಾಗುವತನಕ ಕಾಯದೆ ಅರ್ಜಿ ಹಾಕಿಬಿಡಿ.