ಹಳೆಯ ಡೆಲ್ಫ್ಟ್ ಸಂಗ್ರಹಿಸುವುದು ಹೇಗೆ? ಮೊದಲು ತಟ್ಟೆಯನ್ನು ಮಗುಚಿ ನೋಡಿ

ನೆದರ್ಲೆಂಡ್ಸ್‌ಗೆ ಹೋಗಿ ಬಂದವರ ಮನೆಯ ಷೋಕೇಸಿನಲ್ಲಿ ಗಾಳಿಯಂತ್ರದ ಚಿತ್ರವಿರುವ ನೀಲಿ-ಬಿಳಿ ತಟ್ಟೆಯೊಂದು ಇರುವುದು ಅಪರೂಪವಲ್ಲ. ಅವುಗಳಲ್ಲಿ ಹೆಚ್ಚಿನವು ಪ್ರವಾಸಿಗರಿಗೆಂದೇ ಕಾರ್ಖಾನೆಗಳಲ್ಲಿ ತಯಾರಾದವು. ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳ ನಿಜವಾದ ಡೆಲ್ಫ್ಟ್, ಅಂದರೆ ಡೆಲ್ಫ್ಟ್ ಎಂಬ ಡಚ್ ಊರಿನ ಹೆಸರು ಹೊತ್ತ ಪಾತ್ರೆ, ಬೇರೆಯೇ ವಸ್ತು. ಅದನ್ನು ಸಂಗ್ರಹಿಸಲು ಬಯಸುವವರು ಹಣ ಹೊಂದಿಸುವುದಕ್ಕೆ ಮೊದಲು ಕಣ್ಣನ್ನು ಪಳಗಿಸಿಕೊಳ್ಳಬೇಕು. ಅದಕ್ಕೆ ಅನುಕೂಲವಾದ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ.

ತಯಾರಾದ ಬಗೆ ತಿಳಿಯಿರಿ

ಡೆಲ್ಫ್ಟ್ ಪಿಂಗಾಣಿಯಲ್ಲ, ಅದು ಮಣ್ಣಿನ ಪಾತ್ರೆ. ಸೀಸದ ಮೆರುಗಿಗೆ (ಸುಟ್ಟಾಗ ಗಾಜಿನಂತಾಗುವ ಲೇಪಕ್ಕೆ) ತವರದ ಬೂದಿಯನ್ನು ಬೆರೆಸಿದರೆ ಪಾರದರ್ಶಕವಾಗಿದ್ದ ಮೆರುಗು ಹಾಲಿನಂತೆ ಬೆಳ್ಳಗಾಗಿ, ಕೆಳಗಿನ ಹಳದಿ ಮಿಶ್ರಿತ ಮಣ್ಣನ್ನು ಪೂರ್ತಿ ಮರೆಮಾಡುತ್ತದೆ. ಚೀನಾದ ಬಿಳಿ ಪಾತ್ರೆಗಳನ್ನು ಕಂಡು ಅವುಗಳಿಗೆ ಸಾಟಿಯಾದುದನ್ನು ಮಾಡಬೇಕೆಂದು ಹೊರಟ ಇರಾಕಿನ ಕುಂಬಾರರು ಒಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಯನ್ನು ಬಳಸುತ್ತಿದ್ದರು. ಅದು ಮುಸ್ಲಿಂ ಸ್ಪೇನ್ ಮತ್ತು ಇಟಲಿಯ ಮಾರ್ಗವಾಗಿ ಹದಿನಾರನೆಯ ಶತಮಾನದ ಆರಂಭದಲ್ಲಿ ಇಂದಿನ ಬೆಲ್ಜಿಯಂನ ಆಂಟ್‌ವರ್ಪ್ ತಲುಪಿತು. 1585ರಲ್ಲಿ ಆ ನಗರ ಸ್ಪೇನಿನ ಸೈನ್ಯದ ವಶವಾದಾಗ ಅನೇಕ ಕುಶಲಕರ್ಮಿಗಳು ಉತ್ತರದ ಡಚ್ ಊರುಗಳಿಗೆ ವಲಸೆ ಹೋದರು. ಡಚ್ ಈಸ್ಟ್ ಇಂಡಿಯಾ ಕಂಪನಿ ತಂದು ಸುರಿಯುತ್ತಿದ್ದ ಚೀನೀ ಪಿಂಗಾಣಿಯ ಪೂರೈಕೆ, 1644ರಲ್ಲಿ ಮಿಂಗ್ ಅರಸರ ಪತನದ ಸುಮಾರಿಗೆ ಏರುಪೇರಾಯಿತು. ಅದೇ ಕಾಲಕ್ಕೆ ಡೆಲ್ಫ್ಟ್‌ನ ಬಿಯರ್ ಉದ್ಯಮ ಕುಸಿಯುತ್ತಿದ್ದುದರಿಂದ ಖಾಲಿ ಬಿದ್ದ ಭಟ್ಟಿಮನೆಗಳು ಕುಂಬಾರರ ಪಾಲಾದವು. "ಲೋಹದ ಮಡಕೆ", "ಬಿಳಿ ನಕ್ಷತ್ರ", "ಗುಲಾಬಿ" ಎಂಬಂಥ ಅರ್ಥದ ಹೆಸರುಗಳು ಈ ಕುಂಬಾರಶಾಲೆಗಳಿಗಿದ್ದವು. ಆ ಹೆಸರುಗಳಲ್ಲಿ ಕೆಲವು ಭಟ್ಟಿಮನೆಗಳಿಂದಲೇ ಉಳಿದು ಬಂದವು. 1700ರ ಹೊತ್ತಿಗೆ ಆ ಸಣ್ಣ ಊರಿನಲ್ಲಿ 30ಕ್ಕೂ ಹೆಚ್ಚು ಕುಂಬಾರಶಾಲೆಗಳಿದ್ದವು.

ಕೆಲಸದ ಕ್ರಮವನ್ನು ಇನ್ನೂ ಗಮನವಿಟ್ಟು ತಿಳಿಯಬೇಕು, ಏಕೆಂದರೆ ಮುಂದೆ ನೀವು ಹುಡುಕುವ ಗುರುತುಗಳೆಲ್ಲ ಅದರಿಂದಲೇ ಹುಟ್ಟಿದವು. ಒಮ್ಮೆ ಸುಟ್ಟ ಪಾತ್ರೆಯನ್ನು ಮೆರುಗಿನ ನೀರಿನಲ್ಲಿ ಅದ್ದಿ ತೆಗೆದರೆ ನೀರನ್ನು ಮಣ್ಣು ಹೀರಿಕೊಂಡು, ಮೇಲೆ ಬಿಳಿಯ ಪುಡಿಯ ಪದರ ನಿಲ್ಲುತ್ತದೆ. ಸೂಜಿಯಿಂದ ತೂತು ಮಾಡಿದ ಕಾಗದವನ್ನು ಅದರ ಮೇಲಿಟ್ಟು ಇದ್ದಿಲ ಪುಡಿಯನ್ನು ತಟ್ಟಿ, ಮೂಡಿದ ಚುಕ್ಕಿಗಳ ಜಾಡಿನಲ್ಲಿ ಕೋಬಾಲ್ಟ್ ನೀಲಿಯಿಂದ ಗೆರೆ ಎಳೆಯುತ್ತಿದ್ದರು. ಒಣ ಪುಡಿ ಬಣ್ಣವನ್ನು ತಕ್ಷಣ ಕುಡಿದುಬಿಡುವುದರಿಂದ ಎಳೆದ ಗೆರೆಯನ್ನು ಅಳಿಸುವಂತಿಲ್ಲ. ಹಳೆಯ ಡೆಲ್ಫ್ಟ್‌ನ ಗೆರೆಗಳಲ್ಲಿ ಕಾಣುವ ವೇಗ ಮತ್ತು ಧೈರ್ಯ ಇದರಿಂದ ಬಂದದ್ದು. ಉತ್ತಮ ಪಾತ್ರೆಗಳ ಮೇಲೆ ತೆಳುವಾದ ಪಾರದರ್ಶಕ ಸೀಸದ ಮೆರುಗನ್ನು ಇನ್ನೊಮ್ಮೆ ಚಿಮುಕಿಸಿ ಹೊಳಪು ಹೆಚ್ಚಿಸುತ್ತಿದ್ದರು. ಬಳಿಕ ತಟ್ಟೆಗಳನ್ನು ಮಣ್ಣಿನ ಡಬ್ಬಗಳೊಳಗೆ ಮೂರು ಮೊಳೆಯಾಕಾರದ ಆಸರೆಗಳ ಮೇಲೆ ಕೂರಿಸಿ ಆವಿಗೆಯಲ್ಲಿ ಎರಡನೆಯ ಬಾರಿ ಸುಡುತ್ತಿದ್ದರು.

ಟೈಲ್‌ಗಳಿಂದ ಆರಂಭಿಸಿ

ಹೊಸಬರಿಗೆ ನನ್ನ ಸಲಹೆ ಒಂದೇ: ಹೂದಾನಿಗಳ ಆಸೆಯನ್ನು ಸದ್ಯಕ್ಕೆ ಬಿಟ್ಟು ಗೋಡೆಯ ಟೈಲ್‌ಗಳನ್ನು ಕೊಳ್ಳಿ. ಇವು ಅಪಾರ ಸಂಖ್ಯೆಯಲ್ಲಿ ತಯಾರಾಗಿದ್ದರಿಂದ ಇಂದಿಗೂ ಸಿಗುತ್ತವೆ, ಹಾಗೂ ಸಾಮಾನ್ಯ ಚಿತ್ರದ ಟೈಲ್ ಒಂದು ಒಳ್ಳೆಯ ತಟ್ಟೆಗಿಂತ ಎಷ್ಟೋ ಅಗ್ಗ. ಒಂದೊಂದು ಬದಿ ಸುಮಾರು 13 ಸೆಂಟಿಮೀಟರ್ ಇರುವ ಈ ಚೌಕಗಳನ್ನು ಡಚ್ಚರು ಒಲೆಗೂಡಿನ ಸುತ್ತ, ಅಡುಗೆಮನೆಯಲ್ಲಿ ಮತ್ತು ಗೋಡೆಯ ಬುಡದಲ್ಲಿ ಕೂರಿಸುತ್ತಿದ್ದರು. ಆಟವಾಡುವ ಮಕ್ಕಳು, ಹಡಗುಗಳು, ಕಡಲಿನ ವಿಚಿತ್ರ ಪ್ರಾಣಿಗಳು, ಕುರಿಗಾಹಿಗಳು, ಅಧ್ಯಾಯ ಮತ್ತು ವಚನದ ಸಂಖ್ಯೆಯೊಡನೆ ಬೈಬಲಿನ ಕಥೆಗಳು ಇವುಗಳ ವಸ್ತು. ಮೂಲೆಗಳಲ್ಲಿ ಎತ್ತಿನ ತಲೆ, ಜೇಡ ಅಥವಾ ಹೂವಿನ ಸಣ್ಣ ನಕ್ಷೆ ಇರುತ್ತದೆ; ಕಾಲನಿರ್ಣಯಕ್ಕೆ ಈ ಮೂಲೆಯ ನಕ್ಷೆ ನಡುವಿನ ಚಿತ್ರದಷ್ಟೇ ನೆರವಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ಹದಿನೇಳನೆಯ ಶತಮಾನದ ಆರಂಭದ ಟೈಲ್ ದಪ್ಪ, ಹದಿನೆಂಟನೆಯ ಶತಮಾನದ್ದು ತೆಳು. ಮೂಲೆಗಳ ಬಳಿ ಮೆರುಗಿನಲ್ಲಿ ಸಣ್ಣ ಮೊಳೆಗುರುತು ಕಂಡರೆ, ಕತ್ತರಿಸುವಾಗ ಮಣ್ಣು ಜಾರದಂತೆ ಅಚ್ಚುಪಲಗೆಯ ಮೊಳೆ ಹಿಡಿದ ಜಾಗವದು. "ಡೆಲ್ಫ್ಟ್ ಟೈಲ್" ಎಂದು ಮಾರಾಟವಾಗುವವುಗಳಲ್ಲಿ ಬಹುತೇಕ ಡೆಲ್ಫ್ಟ್‌ನವಲ್ಲ. ರಾಟರ್‌ಡ್ಯಾಮ್, ಉಟ್ರೆಕ್ಟ್, ಹಾರ್ಲಿಂಗೆನ್, ಮಕ್ಕುಮ್ ಮುಂತಾದ ಊರುಗಳವು. ಇದನ್ನು ಮೋಸವೆಂದು ತಿಳಿಯಬೇಕಾಗಿಲ್ಲ, ಡೆಲ್ಫ್ಟ್ ಎಂಬುದು ಈ ಬಗೆಯ ವಸ್ತುಗಳಿಗೆಲ್ಲ ಹೆಸರಾಗಿಬಿಟ್ಟಿದೆ.

ನೋಡಿ, ಸಾಧ್ಯವಾದರೆ ಮುಟ್ಟಿ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಒಟರ್‌ಲೋ ಊರಿನ ಟೈಲ್ ಸಂಗ್ರಹಾಲಯಗಳಲ್ಲಿ ಶ್ರೇಷ್ಠ ಮಾದರಿಗಳಿವೆ. ಮೊದಲೆರಡರ ಸಂಗ್ರಹಗಳ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಗಾಜಿನಾಚೆಯಿಂದ ಕಲಿಯುವುದಕ್ಕೆ ಮಿತಿಯಿದೆ. ಯೂರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ: ಹರಾಜಿಗೆ ಮುಂಚಿನ ಪ್ರದರ್ಶನದ ದಿನಗಳಲ್ಲಿ, ಕೊಳ್ಳುವ ಉದ್ದೇಶ ಇರಲಿ ಬಿಡಲಿ, ಸಿಬ್ಬಂದಿಯನ್ನು ಕೇಳಿ ವಸ್ತುಗಳನ್ನು ಕೈಗೆತ್ತಿಕೊಂಡು ನೋಡಬಹುದು. ಭಾರತದಲ್ಲಿಯೇ ನೋಡಬೇಕೆಂದರೆ ಉದಯಪುರದ ಅರಮನೆಯ ಚೀನೀ ಚಿತ್ರಶಾಲೆಯಲ್ಲಿ ಡಚ್ ಟೈಲ್‌ಗಳಿವೆ. ಕೊಚ್ಚಿಯ ಪರದೇಶಿ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ನೆಲದಲ್ಲಿರುವ ನೀಲಿ ಟೈಲ್‌ಗಳನ್ನು ಕೆಲವರು ಡೆಲ್ಫ್ಟ್ ಎಂದು ತಿಳಿಯುವುದುಂಟು. ಅವು ಚೀನಾದಿಂದ ಬಂದವು.

ಪರೀಕ್ಷಿಸುವ ಕ್ರಮ

ತಟ್ಟೆಯ ಮುಂಭಾಗ ಮನಸ್ಸನ್ನು ಸೆಳೆಯುತ್ತದೆ, ಆದ್ದರಿಂದ ಮೊದಲು ಅದನ್ನು ಮಗುಚಿ. ಹಿಂಬದಿಯ ಅಂಚಿನ ಬಳಿ ಆಸರೆಯ ಮೂರು ಗುರುತುಗಳಿವೆಯೇ ನೋಡಿ. ಹದಿನೇಳನೆಯ ಶತಮಾನದ ಮೆರುಗು ಹಿಂಬದಿಯಲ್ಲಿ ಏಕಪ್ರಕಾರವಾಗಿರುವುದಿಲ್ಲ. ಅಲ್ಲಲ್ಲಿ ಸೂಜಿರಂಧ್ರಗಳು, ಗಂಟುಗಳು ಇರುತ್ತವೆ. ಮೆತ್ತಗಿನ ಮಣ್ಣಿಗೂ ಗಟ್ಟಿಯಾದ ಮೆರುಗಿಗೂ ಹೊಂದಾಣಿಕೆ ಸಾಲದ ಕಾರಣ ಅಂಚಿನಲ್ಲಿ ಮೆರುಗು ಚಕ್ಕೆಯೇಳುತ್ತದೆ, ಮತ್ತು ಅಲ್ಲಿ ಒಳಗಿನ ಮಣ್ಣು ಕಾಣುತ್ತದೆ. ಆ ಮಣ್ಣು ತಿಳಿಹಳದಿಯೋ ಕಂದೋ ಆಗಿದ್ದರೆ ಸರಿ. ಅಪ್ಪಟ ಬಿಳಿಯಾಗಿದ್ದರೆ ಹೊಸ ಕಾಲದ ವಸ್ತುವೆಂಬ ಸಂಶಯ ಬರಬೇಕು. ಇನ್ನೂರು ಮುನ್ನೂರು ವರ್ಷಗಳಾದರೂ ಅಂಚಿನಲ್ಲಿ ಒಂದೂ ಚಕ್ಕೆ ಎದ್ದಿಲ್ಲವೆಂದರೆ ಸಂತೋಷಪಡುವುದಕ್ಕಿಂತ ಎಚ್ಚರಗೊಳ್ಳುವುದು ಮೇಲು.

ಬಳಿಕ ಭೂತಗನ್ನಡಿ ಹಿಡಿಯಿರಿ. ಕುಂಚದ ಗೆರೆ ಒಂದೆಡೆ ಗಾಢವಾಗಿ, ಒಂದೆಡೆ ತೆಳುವಾಗಿ ಮೆರುಗಿನೊಳಗೆ ಸ್ವಲ್ಪ ಹರಡಿಕೊಂಡಿರುತ್ತದೆ. ಅದರ ಬದಲು ಒಂದೇ ಅಳತೆಯ ಸಣ್ಣ ಚುಕ್ಕಿಗಳು ಕಂಡರೆ ಅದು ಅಚ್ಚೊತ್ತಿದ ಚಿತ್ರ. ಬೆರಳಿನ ಗಂಟಿನಿಂದ ಮೆಲ್ಲಗೆ ತಟ್ಟಿ ಕೇಳಿ: ಸೀಳು ಬಿಟ್ಟ ತಟ್ಟೆಯ ದನಿ ತೀರ ಮಂದ. ಕತ್ತಲೆಯಲ್ಲಿ ಅತಿನೇರಳೆ ದೀಪವನ್ನು ಹಿಡಿದರೆ, ಇತ್ತೀಚೆಗೆ ತುಂಬಿ ಬಣ್ಣ ಬಳಿದ ಭಾಗಗಳು ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತವೆ. ರಿಪೇರಿಯಾಗಿರುವುದು ದೋಷವಲ್ಲ, ಅದನ್ನು ಮುಚ್ಚಿಟ್ಟು ಮಾರುವುದು ದೋಷ. ಹಿಂದಿನವರು ಒಡೆದ ತುಂಡುಗಳನ್ನು ಲೋಹದ ಕೊಂಡಿಗಳಿಂದ ಹೊಲಿದು ಉಳಿಸಿದ ತಟ್ಟೆಗಳನ್ನು ನಾನಂತೂ ತಿರಸ್ಕರಿಸಲಾರೆ.

ಬುಡದಲ್ಲಿ ಬರೆದ ಕುಂಬಾರಶಾಲೆಯ ಗುರುತುಗಳನ್ನು ಕೊನೆಯಲ್ಲಿ ನೋಡಬೇಕು, ಅದಕ್ಕೆ ಕಾರಣವಿದೆ. "ಎಕೆ" ಎಂಬ ಜೋಡಕ್ಷರ "ಗ್ರೀಕ್ ಎ" ಕುಂಬಾರಶಾಲೆಯನ್ನು 1686ರಿಂದ 1701ರವರೆಗೆ ನಡೆಸಿದ ಅಡ್ರಿಯಾನಸ್ ಕಾಕ್ಸ್ ಅವರದು. ಇಂಗ್ಲೆಂಡಿನ ರಾಣಿ ಎರಡನೆಯ ಮೇರಿಗಾಗಿ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋದ ಎತ್ತರದ ಹೂದಾನಿಗಳು ಅಲ್ಲಿಯವು. ಕೊಡಲಿಯ ಚಿತ್ರ "ಪಿಂಗಾಣಿ ಕೊಡಲಿ" ಎಂಬ ಕುಂಬಾರಶಾಲೆಯ ಗುರುತು. ಹೆಸರುವಾಸಿಯಾದ ಇಂಥ ಗುರುತುಗಳನ್ನೇ ಹತ್ತೊಂಬತ್ತನೆಯ ಶತಮಾನದ ನಕಲುಗಾರರು ಧಾರಾಳವಾಗಿ ಬರೆದರು. ಇನ್ನೊಂದೆಡೆ ಅಸಲಿ ಹಳೆಯ ಪಾತ್ರೆಗಳಲ್ಲಿ ಎಷ್ಟೋ ಗುರುತೇ ಇಲ್ಲದವು. ಬುಡದಲ್ಲಿ "ಡೆಲ್ಫ್ಟ್" ಎಂದು ಊರಿನ ಹೆಸರನ್ನೇ ಬರೆದಿದ್ದರೆ ಅದು ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು ಅಥವಾ ಅನಂತರದ್ದು. 1653ರಲ್ಲಿ ಸ್ಥಾಪನೆಯಾದ "ಪೋರ್ಸೆಲೈನೆ ಫ್ಲೆಸ್" ಎಂಬ ಕುಂಬಾರಶಾಲೆ ಈಗ ರಾಯಲ್ ಡೆಲ್ಫ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 1876ರಲ್ಲಿ ಅದನ್ನು ಕೊಂಡ ಯೋಸ್ಟ್ ಟೂಫ್ಟ್ ಅವರು ಕೈಯಿಂದ ಚಿತ್ರ ಬಿಡಿಸುವ ಕಲೆಗೆ ಮರುಜೀವ ಕೊಟ್ಟರು. ಆ ಕಾಲದ ಪಾತ್ರೆಗಳಲ್ಲಿ ವರ್ಷ ಸೂಚಿಸುವ ಅಕ್ಷರಗಳಿರುವುದರಿಂದ ಅವನ್ನೇ ಬೇರೊಂದು ಸಂಗ್ರಹವಾಗಿ ಬೆಳೆಸಬಹುದು.

ಕೊಳ್ಳುವುದು ಮತ್ತು ಕಾಪಾಡುವುದು

ವ್ಯಾಪಾರಿಯಿಂದ ಕೊಳ್ಳುವಾಗ ಅಂದಾಜು ಕಾಲ, ಊರು, ರಿಪೇರಿಯ ವಿವರಗಳನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಿ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಶುಲ್ಕವೂ ತೆರಿಗೆಯೂ ಸೇರುತ್ತವೆ. ಶುಲ್ಕವೇ ಅನೇಕ ಕಡೆ ಕಾಲುಭಾಗದಷ್ಟಿರುತ್ತದೆ.

ಮನೆಗೆ ತಂದ ಮೇಲೆ ನೀರಿನಲ್ಲಿ ನೆನೆಸಬೇಡಿ. ಚಕ್ಕೆಯೆದ್ದ ಜಾಗದಿಂದ ಮಣ್ಣು ನೀರನ್ನು ಹೀರಿ, ಕಲೆ ಒಳಗೇ ಹರಡುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಸಾಕು. ಗೋಡೆಗೆ ತೂಗುಹಾಕುವ ಸ್ಪ್ರಿಂಗ್ ಕೊಂಡಿಗಳು ಅಂಚಿನ ಮೆರುಗನ್ನು ಕೀಳುವುದರಿಂದ ಸ್ಟ್ಯಾಂಡ್ ಒಳ್ಳೆಯದು. ಮೆರುಗಿನಲ್ಲಿ ಸೀಸವಿರುವುದರಿಂದ ಇವುಗಳಲ್ಲಿ ಊಟ ಬಡಿಸಲೇಬಾರದು. ನಮ್ಮ ಹುಣಿಸೆಹುಳಿ, ನಿಂಬೆರಸಗಳಂತೂ ಸೀಸವನ್ನು ಹೊರಗೆಳೆಯುತ್ತವೆ.

ಭಾರತಕ್ಕೆ ತರುವವರು ರಸೀದಿಯ ಜೊತೆಗೆ ವಸ್ತುವಿನ ಎರಡೂ ಬದಿಯ ಛಾಯಾಚಿತ್ರಗಳನ್ನು ಇಟ್ಟುಕೊಂಡು ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಆ ಕಾಗದಗಳನ್ನು ಮುಂದೆಯೂ ಎಸೆಯಬಾರದು: 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದಕ್ಕೆ ನಿರ್ಬಂಧವಿದೆ. ಆದ್ದರಿಂದ ಕೆಲವು ವರ್ಷಗಳಲ್ಲಿ ಮತ್ತೆ ವಿದೇಶಕ್ಕೆ ತೆರಳುವ ಯೋಚನೆಯಿರುವವರು ವಸ್ತುವನ್ನು ಇಲ್ಲಿಗೆ ತರುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.