ಹೊರದೇಶದ ಫೋನಿಗೆ ನೆಟ್‌ವರ್ಕ್ ಲಾಕ್ ಇದ್ದರೆ: ದುಡ್ಡು ಎಣಿಸುವ ಮುಂಚೆ ಮಾಡಬೇಕಾದ್ದು

ಹೋದ ಸುಗ್ಗಿಯಲ್ಲಿ ಕಾರಟಗಿ ಕಡೆಯ ಕಾಕಾ ಒಬ್ಬರು ಗಂಗಾವತಿಯ ನನ್ನ ಅಂಗಡಿಗೆ ಬಂದರು. ಕರ್ಚೀಫಿನಲ್ಲಿ ಸುತ್ತಿದ್ದ ಐಫೋನ್ 11 ಬಿಚ್ಚಿ ಕೌಂಟರ್ ಮೇಲಿಟ್ಟು, "ತಂಗಿ, ಮಗ ಡಲ್ಲಾಸ್‌ದಿಂದ ಕಳಿಸ್ಯಾನ. ಸಿಮ್ ಹಾಕಿದ್ರ ತಗೊಳವಲ್ದು. ಬ್ಯಾರೆ ಕಡೆ ಕೇಳಿದೆ, ಅನ್‌ಲಾಕ್ ಮಾಡಾಕ ನಾಕ್ ಸಾವಿರ ಅಂದ್ರು. ನೀ ಎಷ್ಟಕ್ಕ ಮಾಡ್ತೀಯವ್ವಾ?" ಅಂತ ಕೇಳಿದರು.

"ಕಾಕಾ, ಇದಕ್ಕ ದುಡ್ಡ ಇಲ್ಲ. ನಿಮ್ಮ ಮಗ ಅಲ್ಲಿ ಕುಂತು ಒಂದು ಅರ್ಜಿ ಹಾಕಬೇಕು ಅಷ್ಟ" ಅಂದೆ. ಅವರು ನಂಬಲಿಲ್ಲ. ನಾಲ್ಕು ಸಾವಿರ ಕೇಳಿದವನು ಕೆಲಸ ಬಲ್ಲವನು, ದುಡ್ಡಿಲ್ಲ ಅಂದವಳಿಗೆ ಕೆಲಸ ಗೊತ್ತಿಲ್ಲ ಅಂತ ಅವರ ಮುಖದಲ್ಲೇ ಕಾಣುತ್ತಿತ್ತು. 12 ವರ್ಷದಿಂದ ರಿಪೇರಿ ಮೇಜಿನ ಹಿಂದೆ ಕೂತಿದ್ದೇನೆ. ಈ ಒಂದು ವಿಷಯದಲ್ಲಿ ಜನ ಕಳೆದುಕೊಳ್ಳುವಷ್ಟು ಹಣವನ್ನು ಡಿಸ್‌ಪ್ಲೇ ಒಡೆದಾಗಲೂ ಕಳೆದುಕೊಳ್ಳುವುದಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ನಿಮ್ಮ ಫೋನಿಗೆ ಇರುವುದು ಯಾವ ಲಾಕ್ ಅಂತ ಗೊತ್ತಾಗಬೇಕು. ಬರುವವರೆಲ್ಲ "ಲಾಕ್ ಆಗೈತಿ" ಅಂತಲೇ ಹೇಳುತ್ತಾರೆ. ಪ್ಯಾಟರ್ನ್ ಮರೆತದ್ದು ಒಂದು. ಹಳೇ ಮಾಲೀಕನ ಗೂಗಲ್ ಅಕೌಂಟೋ ಆಪಲ್ ಅಕೌಂಟೋ ಕೇಳುವುದು ಇನ್ನೊಂದು. ಕಂತಿನ ಮೇಲೆ ತಗೊಂಡ ಫೋನಿಗೆ ಸಾಲ ಕೊಟ್ಟವರು ಹಾಕುವ ಲಾಕ್ ಮತ್ತೊಂದು. ಇವು ಯಾವುವೂ ನೆಟ್‌ವರ್ಕ್ ಲಾಕ್ ಅಲ್ಲ. ಫೋನು ಚೆನ್ನಾಗಿ ಓಪನ್ ಆಗುತ್ತದೆ, ವೈಫೈ ಹಿಡಿಯುತ್ತದೆ, ಫೋಟೋ ತೆಗೆಯುತ್ತದೆ, ನಮ್ಮ ಸಿಮ್ ಹಾಕಿದ ಕೂಡಲೇ ಮಾತ್ರ 'ಸಿಮ್ ನಾಟ್ ಸಪೋರ್ಟೆಡ್' ಅಂತಲೋ, 'ನೆಟ್‌ವರ್ಕ್ ಅನ್‌ಲಾಕ್ ಪಿನ್ ಹಾಕಿ' ಅಂತಲೋ ಬರುತ್ತದೆ ಅಂದರೆ ಅದು ನೆಟ್‌ವರ್ಕ್ ಲಾಕ್.

ಒಳಗೆ ನಡೆಯುವುದು ಬಹಳ ಸರಳ. ಪ್ರತಿ ಸಿಮ್‌ನಲ್ಲೂ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ನಮ್ಮ ದೇಶದ ಸಿಮ್ ಆದರೆ ಅದು 404 ಅಥವಾ 405ರಿಂದ ಶುರು, ಅಮೆರಿಕದ್ದು 310, 311 ಹೀಗೆ. ಅದರ ಮುಂದಿನ ಅಂಕಿಗಳು ಯಾವ ಕಂಪನಿ ಅಂತ ಹೇಳುತ್ತವೆ. ರೈಸ್ ಮಿಲ್ಲಿನ ಗೇಟಿನಲ್ಲಿ ನಂಬರ್ ಪ್ಲೇಟ್ ನೋಡಿ ಲಾರಿ ಒಳಗೆ ಬಿಡುವ ಹಾಗೆ, ಲಾಕ್ ಆದ ಫೋನು ಆ ಅಂಕಿಗಳನ್ನು ನೋಡಿ ತನ್ನ ಕಂಪನಿಯ ಸಿಮ್ ಮಾತ್ರ ಒಳಗೆ ಬಿಡುತ್ತದೆ. ಗೇಟ್ ತೆಗೆಯಿರಿ ಅಂತ ಹೇಳುವ ಅಧಿಕಾರ ಫೋನು ಮಾರಿದ ಆ ನೆಟ್‌ವರ್ಕ್ ಕಂಪನಿಗೆ ಮಾತ್ರ ಉಂಟು. ನನಗಿಲ್ಲ, ನಾಲ್ಕು ಸಾವಿರ ಕೇಳಿದವರಿಗಿಲ್ಲ, ಐಫೋನ್ ಮಾಡಿದ ಆಪಲ್‌ಗೂ ಇಲ್ಲ. ಈ ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಐಫೋನ್ ಆದರೆ ಸಿಮ್ ಹಾಕದೆಯೂ ನೋಡಬಹುದು. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕೆಳಗೆ ಎಳೆಯಿರಿ. 'ಕ್ಯಾರಿಯರ್ ಲಾಕ್' ಅನ್ನುವ ಸಾಲಿನ ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿದ್ದರೆ ಲಾಕ್ ಇಲ್ಲ. 'ಸಿಮ್ ಲಾಕ್ಡ್' ಅಂತಿದ್ದರೆ ಇದೆ. ಆಂಡ್ರಾಯ್ಡ್‌ಗೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ನೇರ ದಾರಿ. ಊರಿಗೆ ಬರುವ ಮಗನಿಗೋ ಮಗಳಿಗೋ ಈ ಸಾಲನ್ನು ಅಲ್ಲೇ ನೋಡಿ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಫೋನು ಅಲ್ಲಿರುವಾಗ, ಅವರ ಬಿಲ್ ಚಾಲ್ತಿಯಲ್ಲಿರುವಾಗ ಈ ಕೆಲಸ ಹಗುರ. ಫೋನು ಗಂಗಾವತಿಗೆ ಬಂದ ಮೇಲೆ ಅದೇ ಕೆಲಸ ವಾರಗಟ್ಟಲೆ ಎಳೆಯುತ್ತದೆ.

ಇನ್ನು ಶುಲ್ಕದ ವಿಚಾರ. ಇದನ್ನು ದೇಶ ದೇಶ ನೋಡಿ ಹೇಳಬೇಕು.

ಕೆನಡಾದಲ್ಲಿ ಒಂದು ಕಾಲಕ್ಕೆ ಅನ್‌ಲಾಕ್ ಮಾಡಿಕೊಡಲು 50 ಡಾಲರ್ ತಗೊಳ್ಳುವುದು ಮಾಮೂಲಾಗಿತ್ತು. ಅಲ್ಲಿನ ದೂರಸಂಪರ್ಕ ಆಯೋಗ 2017ರ ಡಿಸೆಂಬರ್ 1ರಿಂದ ಅದನ್ನು ನಿಲ್ಲಿಸಿತು. ಅಂದಿನಿಂದ ಹೊಸ ಫೋನು ಅನ್‌ಲಾಕ್ ಆಗಿಯೇ ಮಾರಬೇಕು, ಹಳೇದನ್ನು ಕೇಳಿದರೆ ಪುಕ್ಕಟೆ ತೆಗೆದುಕೊಡಬೇಕು. ಬ್ರಿಟನ್‌ನಲ್ಲಿ ಆಫ್‌ಕಾಮ್ ಅನ್ನುವ ಸಂಸ್ಥೆ 2021ರ ಡಿಸೆಂಬರ್ 17ರಿಂದ ಲಾಕ್ ಮಾಡಿದ ಫೋನು ಮಾರುವುದನ್ನೇ ನಿಷೇಧಿಸಿತು. ಜಪಾನ್‌ನಲ್ಲಿ ಅದೇ ವರ್ಷ ಅಕ್ಟೋಬರ್ 1ರಿಂದ ಲಾಕ್ ಹಾಕುವುದು ನಿಂತಿದೆ. ಅದಕ್ಕೂ ಮುಂಚೆ ಅಂಗಡಿಗೆ ಹೋಗಿ ತೆಗೆಸಿದರೆ 3,000 ಯೆನ್ ಮೇಲೆ ತೆರಿಗೆ ಕೊಡಬೇಕಿತ್ತು. ಹಾಗಾಗಿ ಈ ದೇಶಗಳ ಹೊಸ ಫೋನಿನಲ್ಲಿ ಈ ತಲೆನೋವು ಕಡಿಮೆ. ಹಳೇ ಫೋನು ಬಂದಾಗ ಮಾತ್ರ ಗಮನಿಸಿ.

ನಮ್ಮ ಕಡೆ ಬರುವ ಲಾಕ್ ಫೋನುಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ನೆಟ್‌ವರ್ಕ್ ಕಂಪನಿಗಳು ಫೋನನ್ನು 24 ತಿಂಗಳು, 36 ತಿಂಗಳು ಕಂತಿನ ಮೇಲೆ ಕೊಡುತ್ತವೆ. ಕಂತು ತೀರುವ ತನಕ ಗಿರಾಕಿ ಬೇರೆ ಕಡೆ ಹೋಗದಿರಲಿ ಅಂತ ಲಾಕ್. ಗ್ರಾಹಕರು ಫೋನು ಅನ್‌ಲಾಕ್ ಮಾಡಿಸಿಕೊಂಡರೆ ಅದು ತಪ್ಪಲ್ಲ ಅಂತ ಅಲ್ಲಿ 2014ರ ಆಗಸ್ಟ್ 1ರಂದು ಕಾನೂನಿಗೆ ಸಹಿ ಬಿದ್ದಿದೆ. ಕಂಪನಿಗಳು ಒಪ್ಪಿಕೊಂಡ ನಿಯಮದ ಪ್ರಕಾರ, ಬಾಕಿ ಉಳಿಸದ ಗ್ರಾಹಕರಿಗೆ, ಹಿಂದೆ ಗ್ರಾಹಕರಾಗಿದ್ದವರಿಗೂ, ಅನ್‌ಲಾಕ್‌ಗೆ ಶುಲ್ಕವಿಲ್ಲ. ಆ ಕಂಪನಿಗೆ ಎಂದೂ ಗ್ರಾಹಕರಾಗದವರು ಕೇಳಿದರೆ ಮಾತ್ರ ಶುಲ್ಕ ಹಾಕುವ ಅವಕಾಶ ಇಟ್ಟುಕೊಂಡಿದ್ದಾರೆ. ಅದಕ್ಕೇ ನಾನು ಹೇಳುವುದು: ಫೋನು ಯಾರ ಹೆಸರಿನಲ್ಲಿ ಖರೀದಿ ಆಯಿತೋ ಅವರೇ ಅರ್ಜಿ ಹಾಕಲಿ. ಅಪ್ಪನ ಹೆಸರಿನಲ್ಲಿ ಇಲ್ಲಿಂದ ಹಾಕಬೇಡಿ.

ಶುಲ್ಕ ಇಲ್ಲ ಅಂದರೆ ಷರತ್ತು ಇಲ್ಲ ಅಂತಲ್ಲ. ಅಲ್ಲಿನ ಎಟಿ ಅಂಡ್ ಟಿ ಕಂಪನಿಯ ಫೋನಾದರೆ ಪೂರ್ತಿ ಹಣ ಕಟ್ಟಿರಬೇಕು, ತಿಂಗಳ ಬಿಲ್‌ನವರಿಗೆ 60 ದಿನ, ಪ್ರೀಪೇಯ್ಡ್‌ಗೆ ಆರು ತಿಂಗಳು ಸೇವೆ ನಡೆದಿರಬೇಕು. ಟಿ-ಮೊಬೈಲ್‌ನಲ್ಲೂ ಪೂರ್ತಿ ಹಣ ಕಟ್ಟಿರಬೇಕು, ಬಿಲ್‌ನವರಿಗೆ 40 ದಿನ, ಪ್ರೀಪೇಯ್ಡ್‌ಗೆ ಒಂದು ವರ್ಷ ಸೇವೆ ನಡೆದಿರಬೇಕು. ಈ ದಿನಗಳ ಲೆಕ್ಕವನ್ನು ಕಂಪನಿಗಳು ಬದಲಿಸುತ್ತಿರುತ್ತವೆ, ಅರ್ಜಿ ಹಾಕುವ ದಿನ ಅವರ ವೆಬ್‌ಸೈಟಿನಲ್ಲಿ ಒಮ್ಮೆ ಓದಿಕೊಳ್ಳಿ. ಕಳುವಾಗಿದೆ ಅಂತ ದೂರು ಬಿದ್ದ ಫೋನನ್ನು ಯಾವ ಕಂಪನಿಯೂ ಅನ್‌ಲಾಕ್ ಮಾಡುವುದಿಲ್ಲ.

ಅರ್ಜಿಗೆ ಬೇಕಾದ್ದು ಮುಖ್ಯವಾಗಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ. *#06# ಒತ್ತಿದರೆ 15 ಅಂಕಿ ಬರುತ್ತವೆ. ಎರಡು ಸಿಮ್‌ನ ಫೋನಿನಲ್ಲಿ ಎರಡು ಬರುತ್ತವೆ, ಮೊದಲನೆಯದನ್ನು ಕೊಡಿ. ಕಾಕಾನ ಫೋನಿನಲ್ಲಿ ನಾನು ಅವಸರಕ್ಕೆ ಸಿಮ್ ಟ್ರೇ ಹೊರಗೆ ತೆಗೆದು, ಭೂತಗನ್ನಡಿ ಹಿಡಿದು ಅದರ ಮೇಲೆ ಕೊರೆದಿದ್ದ ಸಣ್ಣ ಅಂಕಿಗಳನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ. ಆಮೇಲೆ ಪರದೆಯ ಸಂಖ್ಯೆಗೆ ತಾಳೆ ಹಾಕಿದರೆ ಕೊನೆಯ ಆರು ಅಂಕಿ ಬೇರೆ. ಯಾವಾಗಲೋ ಯಾರೋ ಟ್ರೇ ಬದಲಿಸಿದ್ದಾರೆ. ಆ ಸಂಖ್ಯೆ ಕಳಿಸಿದ್ದರೆ ಅರ್ಜಿ ವಾಪಸ್ ಬರುತ್ತಿತ್ತು, ನಾವು ಕಂಪನಿಯನ್ನು ಬೈಯುತ್ತಾ ಕೂರುತ್ತಿದ್ದೆವು. ಟ್ರೇ ನಂಬಬೇಡಿ, ಡಬ್ಬಿ ನಂಬಬೇಡಿ, ಪರದೆ ಮೇಲೆ ಬಂದದ್ದನ್ನು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೆ ಕಳಿಸಿ. ಫೋನಿನಲ್ಲಿ ಬಾಯಿಂದ ಓದಿ ಹೇಳಿದರೆ ಒಂದು ಅಂಕಿ ತಪ್ಪಿಯೇ ತಪ್ಪುತ್ತದೆ.

ಆಮೇಲೆ ಮಗ ತನ್ನ ಕಂಪನಿಯ ವೆಬ್‌ಸೈಟಿನಲ್ಲಿ 'ಡಿವೈಸ್ ಅನ್‌ಲಾಕ್' ಪುಟಕ್ಕೆ ಹೋಗಿ ಹೆಸರು, ಇಮೇಲ್, ಐಎಂಇಐ ತುಂಬಬೇಕು. ಎಟಿ ಅಂಡ್ ಟಿಯವರು ಒಂದು ಇಮೇಲ್ ಕಳಿಸುತ್ತಾರೆ, 24 ಗಂಟೆಯೊಳಗೆ ಅದರ ಲಿಂಕ್ ಒತ್ತಿ ಖಾತ್ರಿ ಮಾಡಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಆ ಇಮೇಲ್ ಬೇಡದ ಕಾಗದಗಳ ಜತೆ ಸ್ಪ್ಯಾಮ್‌ನಲ್ಲಿ ಸೇರಿಕೊಂಡಿರುವುದೂ ಉಂಟು, ಅಲ್ಲೂ ನೋಡಲು ಹೇಳಿ. ಎರಡು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಇಲ್ಲಿಂದ ಫೋನು ಮಾಡಿ ವಿಚಾರಿಸುವುದಾದರೆ ಬೇಸಿಗೆಯಲ್ಲಿ ನಮ್ಮ ಸಂಜೆ ಏಳೂವರೆ ಅಂದರೆ ಡಲ್ಲಾಸ್‌ನಲ್ಲಿ ಬೆಳಗಿನ ಒಂಬತ್ತು.

ಕಾಕಾನ ಮಗನಿಗೆ ಮೊದಲ ಸಲ 'ಆಗುವುದಿಲ್ಲ' ಅಂತ ಉತ್ತರ ಬಂತು. ಎರಡು ತಿಂಗಳ ಕಂತು ಬಾಕಿ ಇತ್ತು, ಅವನಿಗೇ ನೆನಪಿರಲಿಲ್ಲ. ಕಟ್ಟಿದ, ಮತ್ತೆ ಅರ್ಜಿ ಹಾಕಿದ, ಆಯಿತು. ಅಮೆರಿಕದ ಫೋನಿಗೆ ಅನ್‌ಲಾಕ್ ಖರ್ಚು ಅಂತ ಏನಾದರೂ ಇದ್ದರೆ ಅದು ಈ ಬಾಕಿ ಕಂತು. ಅದು ಬೇರೆಯವರ ಜೇಬಿಗೆ ಹೋಗುವ ಹಣವಲ್ಲ, ಹೇಗೂ ಕಟ್ಟಬೇಕಾದ್ದೇ.

ಒಪ್ಪಿಗೆ ಬಂದ ಮೇಲೆ ಐಫೋನಿಗೆ ಯಾವ ಕೋಡೂ ಬೇಡ. ವೈಫೈಗೆ ಹಾಕಿ, ನಮ್ಮ ಸಿಮ್ ಹಾಕಿ, ಸ್ವಲ್ಪ ಹೊತ್ತು ಬಿಡಿ. ಹಿಡಿಯದಿದ್ದರೆ ಬ್ಯಾಕಪ್ ತೆಗೆದು, ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದರೆ ಹಿಡಿಯುತ್ತದೆ. ಸ್ಯಾಮ್‌ಸಂಗ್‌ನಂಥ ಕೆಲವು ಫೋನುಗಳಿಗೆ ಕಂಪನಿ ಒಂದು ಕೋಡ್ ಕಳಿಸುತ್ತದೆ. ಅದನ್ನು ಕನ್ನಡಕ ಹಾಕಿಕೊಂಡು ನೋಡಿ ಒತ್ತಿ, ತಪ್ಪು ಕೋಡ್ ಒತ್ತಲು ಇರುವ ಅವಕಾಶ ಕೆಲವೇ ಸಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. 2019ರಲ್ಲಿ ಒಬ್ಬ ಹುಡುಗ ಇಂಥದ್ದೇ ಫೋನು ತಂದ. ಐಎಂಇಐ ಕಳಿಸಿದರೆ ಯಾವ ದೇಶದ ಲಾಕ್ ಆದರೂ ತೆಗೆಯುತ್ತೇವೆ ಅನ್ನುವ ಒಂದು ವೆಬ್‌ಸೈಟ್ ನೋಡಿದ್ದೆ. ಹುಡುಗನ ಹತ್ತಿರ 2,200 ರೂಪಾಯಿ ತಗೊಂಡು ಅವರಿಗೆ ಕಟ್ಟಿದೆ. ಐದು ದಿನಕ್ಕೆ 'ಸಂಖ್ಯೆ ಸಿಕ್ಕಿಲ್ಲ, ಇನ್ನೂ ದೊಡ್ಡ ಸೇವೆಗೆ 3,000 ಕಟ್ಟಿ' ಅಂತ ಉತ್ತರ ಬಂತು. ಹಣ ವಾಪಸ್ ಬರಲಿಲ್ಲ. ಹುಡುಗನಿಗೆ ನನ್ನ ಗಲ್ಲಾದಿಂದ ಎಣಿಸಿ ಕೊಟ್ಟೆ. ಅವನು ಮೆಸ್ಸಿನಲ್ಲಿ ಊಟ ಮಾಡಿಕೊಂಡು ಓದುತ್ತಿದ್ದವನು, ಒಂದು ತಿಂಗಳ ಊಟದ ದುಡ್ಡು ಅದು. ಅವತ್ತಿನಿಂದ ಆ ದಾರಿಗೆ ಹೋಗಿಲ್ಲ.

ಅದೇ ರೀತಿ ಸಿಮ್‌ಗೆ ಅಂಟಿಸುವ ತೆಳ್ಳನೆಯ ಚಿಪ್ ಒಂದು ಬರುತ್ತದೆ. ಉಗುರಿನಷ್ಟೇ ಅಗಲ, ಕಾಗದದಷ್ಟು ದಪ್ಪ. ಸಿಮ್ ಕೆಳಗಿಟ್ಟು ಟ್ರೇ ಒತ್ತಿದರೆ ಫೋನಿಗೆ ಇದು ಅಮೆರಿಕದ ಸಿಮ್ ಅಂತ ಸುಳ್ಳು ಹೇಳುತ್ತದೆ. ನೆಟ್‌ವರ್ಕ್ ಬರುತ್ತದೆ, ಗಿರಾಕಿ ಖುಷಿಯಿಂದ ಹೋಗುತ್ತಾರೆ. ಫೋನು ಒಮ್ಮೆ ಅಪ್‌ಡೇಟ್ ಆಯಿತೆಂದರೆ ಮತ್ತೆ 'ನೋ ಸರ್ವಿಸ್'. ಭತ್ತದ ದಲಾಲಿ ಮಾಡುವ ಅಣ್ಣ ಒಬ್ಬರಿಗೆ ಕೊಯ್ಲಿನ ನಡುವೆ ಹೀಗಾಗಿ, ಎರಡು ದಿನ ಯಾರ ಫೋನೂ ಬರದೆ ರೇಟು ತಪ್ಪಿತು. ಲಾಕ್ ತೆಗೆದದ್ದಲ್ಲ ಅದು, ಮುಚ್ಚಿಟ್ಟದ್ದು. ಅದಕ್ಕೆ ದುಡ್ಡು ಕೊಡಬೇಡಿ.

ಇನ್ನು ಐಎಂಇಐ ಸಂಖ್ಯೆಯನ್ನೇ ಬದಲಿಸಿ ಕೊಡುತ್ತೇವೆ ಅಂದವರ ಅಂಗಡಿಯಿಂದ ಫೋನು ಕೈಯಲ್ಲಿ ಹಿಡಿದು ಹೊರಗೆ ಬನ್ನಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದ ತನಕ ಜೈಲು, 50 ಲಕ್ಷ ರೂಪಾಯಿ ತನಕ ದಂಡ ಇದೆ. ಸೆಕೆಂಡ್ ಹ್ಯಾಂಡ್ ಫೋನು ತಗೊಳ್ಳುವವರು ಇಂಗ್ಲಿಷ್‌ನಲ್ಲಿ ಕೆ, ವೈ, ಎಂ ಅಂತ ಮೂರು ಅಕ್ಷರ ಹಾಕಿ, ಜಾಗ ಬಿಟ್ಟು 15 ಅಂಕಿ ಬರೆದು 14422ಕ್ಕೆ ಮೆಸೇಜ್ ಮಾಡಿದರೆ ಆ ಸಂಖ್ಯೆ ಸರಿಯಾದದ್ದೇ ಅಂತ ತಿಳಿಯುತ್ತದೆ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು.

ಸಾಣಾಪುರ, ಆನೆಗೊಂದಿ ಕಡೆ ಹೋಮ್‌ಸ್ಟೇ ನಡೆಸುವವರು ವಿದೇಶಿ ಅತಿಥಿಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. "ಅಕ್ಕಾ, ಇವ್ರಿಗೆ ಒಂದು ಸಿಮ್ ಬೇಕ್ರಿ" ಅಂತ. ಸಿಮ್ ಕೊಡಿಸುವ ಮುಂಚೆ ಅವರ ಫೋನಿಗೆ ನಿಮ್ಮದೇ ಸಿಮ್ ಹಾಕಿ ನೋಡಿ. ಲಾಕ್ ಇದ್ದರೆ ಪಾಸ್‌ಪೋರ್ಟ್, ವೀಸಾ ಕೊಟ್ಟು ತಗೊಂಡ ಸಿಮ್ ವ್ಯರ್ಥ. ಅವರ ಕಂಪನಿಗೆ ಅಲ್ಲೇ ಕೂತು ಅರ್ಜಿ ಹಾಕಿಸಿ, ಉತ್ತರ ಬರುವ ತನಕ ವೈಫೈ ಮೇಲೆ ನಡೆಸಲಿ. ನಾಲ್ಕು ದಿನ ಇರುವವರಿಗೆ ಸಾದಾ ಫೋನೊಂದು ಕೈಗೆ ಕೊಟ್ಟರೆ ಅದೇ ಸುಲಭ.

ಲಾಕ್ ಹೋದ ಮೇಲೂ ಎರಡು ತೊಡಕು ಬರಬಹುದು. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಅದರ ನಂತರದವಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಜಿಯೋ, ಏರ್‌ಟೆಲ್, ವಿಐ ಮೂರರಲ್ಲೂ ಸಿಮ್ ಅನ್ನು ಇ-ಸಿಮ್ ಮಾಡಿಸಬಹುದು, ಹಾಗಾಗಿ ಪಿನ್ ಹಿಡಿದು ಅಂಚು ಕೆರೆಯಬೇಡಿ. ಹಳೇ ಮಾದರಿಯ ಫೋನಾದರೆ ವೋಲ್ಟಿ, ಅಂದರೆ 4ಜಿ ಮೇಲೆ ಕರೆ ಮಾಡುವ ಸೌಲಭ್ಯ, ಇದೆಯೇ ಕೇಳಿ. ಜಿಯೋದಲ್ಲಿ ಕರೆ ಹೋಗುವುದೇ ಅದರ ಮೇಲೆ.

ಇಲ್ಲಿಂದ ಸೌದಿಗೋ ದುಬೈಗೋ ಕೆಲಸಕ್ಕೆ ಹೋಗುವ ಹುಡುಗರಿಗೆ ಒಂದು ಮಾತು. ಹೊಸ ಸ್ಯಾಮ್‌ಸಂಗ್ ತಗೊಂಡು ಡಬ್ಬಿ ಒಡೆಯದೆ ಒಯ್ಯಬೇಡಿ. ಕೆಲವು ಮಾದರಿಗಳನ್ನು ಮಾರಿದ ಪ್ರದೇಶದ ಸಿಮ್‌ನಿಂದಲೇ ಮೊದಲು ಶುರು ಮಾಡಬೇಕು ಅಂತ ಡಬ್ಬಿ ಮೇಲೆ ಸ್ಟಿಕ್ಕರ್ ಇರುತ್ತದೆ. ಊರಲ್ಲೇ ನಮ್ಮ ಸಿಮ್ ಹಾಕಿ ಮನೆಯವರ ಜತೆ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿ, ಆಮೇಲೆ ವಿಮಾನ ಹತ್ತಿ.

ನನ್ನ ಅಂಗಡಿಯಲ್ಲಿ ಈ ಕೆಲಸಕ್ಕೆ 150 ರೂಪಾಯಿ. ಅದು ಅನ್‌ಲಾಕ್ ಶುಲ್ಕ ಅಲ್ಲ. ಐಎಂಇಐ ತಾಳೆ ನೋಡಿ, ನಿಮ್ಮವರ ಜತೆ ವಿಡಿಯೋ ಕಾಲ್‌ನಲ್ಲಿ ಕೂತು ಅರ್ಜಿ ತುಂಬಿಸಲು ಹಿಡಿಯುವ ಅರ್ಧ ಗಂಟೆಯ ಕೂಲಿ. ಬಿಲ್‌ನಲ್ಲೂ ಹಾಗೇ ಬರೆದುಕೊಡುತ್ತೇನೆ. ಮನೆಯಲ್ಲೇ ಮಾಡಿಕೊಳ್ಳಲು ಬಂದರೆ ಅದೂ ಬೇಡ. ಬರುವುದಾದರೆ ಫೋನು, ಚಾರ್ಜರ್, ಖರೀದಿ ಬಿಲ್ಲಿನ ಫೋಟೋ ಇದ್ದರೆ ಅದು, ಇಷ್ಟು ತನ್ನಿ. ಸಂಜೆ ಏಳರ ಮೇಲೆ ಬನ್ನಿ, ಅಲ್ಲಿಯವರು ಅಷ್ಟೊತ್ತಿಗೆ ಎದ್ದಿರುತ್ತಾರೆ.